ಬಣ್ಣಗಳನ್ನು ಬಿಡಿಸಿದ ಪುಡಿ: ಮಿಖಾಯಿಲ್ ತ್ಸ್ವೆತ್

ರಷ್ಯನ್ ಭಾಷೆಯಲ್ಲಿ ತ್ಸ್ವೆತ್ ಎಂದರೆ ಬಣ್ಣ. ಆ ಹೆಸರನ್ನು ಹೊತ್ತ ಸಸ್ಯವಿಜ್ಞಾನಿಯೇ ಎಲೆಯ ಹಸಿರಿನಲ್ಲಿ ಬೆರೆತಿದ್ದ ಬಣ್ಣಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದರು.

ಮಿಖಾಯಿಲ್ ತ್ಸ್ವೆತ್ 1872ರಲ್ಲಿ ಇಟಲಿಯ ಆಸ್ತಿ ಪಟ್ಟಣದಲ್ಲಿ ಜನಿಸಿದರು. ತಂದೆ ರಷ್ಯದವರು. ತಾಯಿ ಬಹುಬೇಗ ತೀರಿಕೊಂಡರು. ಬೆಳೆದದ್ದು ಸ್ವಿಟ್ಜರ್ಲೆಂಡಿನಲ್ಲಿ. ಜಿನೀವಾದಲ್ಲಿ 1896ರಲ್ಲಿ ಡಾಕ್ಟರೇಟ್ ಪಡೆದು ರಷ್ಯಕ್ಕೆ ಹೋದರೆ, ಅಲ್ಲಿ ಆ ಪದವಿಗೆ ಮನ್ನಣೆಯಿರಲಿಲ್ಲ. ಕಜಾನ್‌ನಲ್ಲಿ 1901ರಲ್ಲಿ ಇನ್ನೊಂದು ಪದವಿ ಸಂಪಾದಿಸಬೇಕಾಯಿತು. ಒಂದು ನುಡಿಯಲ್ಲಿ ಕಲಿತದ್ದನ್ನು ಮತ್ತೊಂದು ನುಡಿಯ ನಾಡಿನಲ್ಲಿ ಪುನಃ ರುಜುವಾತುಪಡಿಸುವ ಈ ಪಾಡು ಗಡಿಭಾಗದ ನಮ್ಮ ವಿದ್ಯಾರ್ಥಿಗಳಿಗೆ ಹೊಸದಲ್ಲ.

ಆ ಬಳಿಕ ಅವರು ರಷ್ಯದ ಆಳ್ವಿಕೆಯಲ್ಲಿದ್ದ ವಾರ್ಸಾ ನಗರ ಸೇರಿದರು. ಪತ್ರಹರಿತ್ತನ್ನು ಕೆಡಿಸದೆ ಶುದ್ಧರೂಪದಲ್ಲಿ ಪಡೆಯುವುದು ಹೇಗೆಂಬುದೇ ಅವರ ಚಿಂತೆ. ಕಿರಿದಾದ ಗಾಜಿನ ಕೊಳವೆಯಲ್ಲಿ ನುಣುಪಾದ ಪುಡಿಯನ್ನು ಒತ್ತಾಗಿ ತುಂಬಿ, ಮೇಲಿನಿಂದ ಎಲೆಯ ಸಾರವನ್ನೂ ಅದರ ಹಿಂದೆ ಶುದ್ಧ ದ್ರಾವಕವನ್ನೂ ಸುರಿದರು. ಪುಡಿಯ ಕಣಗಳಿಗೆ ಹೆಚ್ಚು ಅಂಟಿದ ವರ್ಣದ್ರವ್ಯ ಮೇಲೆಯೇ ತಡೆಯಿತು. ಅಂಟದ ಕ್ಯಾರೊಟೀನ್ ಮೊದಲು ಕೆಳಗಿಳಿಯಿತು. ನಡುವೆ ಹಳದಿಹಸಿರು, ನೀಲಿಹಸಿರು, ಹಳದಿ ಪಟ್ಟಿಗಳು ಒಂದರ ಕೆಳಗೊಂದು ಮೂಡಿದವು. ಇದಕ್ಕೆ ಅವರು 1906ರಲ್ಲಿ ಜರ್ಮನ್ ಭಾಷೆಯ ಲೇಖನಗಳಲ್ಲಿ ಇಟ್ಟ ಹೆಸರು ಕ್ರೊಮಟಾಗ್ರಫಿ; ಗ್ರೀಕ್ ಮೂಲದಂತೆ ವರ್ಣಲೇಖನ.

ಕೊಳವೆಯಲ್ಲಿ ಕದಲದೆ ನಿಲ್ಲುವ ಆ ಪುಡಿಯನ್ನು ಇಂದಿನ ರಸಾಯನಶಾಸ್ತ್ರ ಸ್ಥಿರ ಪ್ರಾವಸ್ಥೆ ಎನ್ನುತ್ತದೆ. ತ್ಸ್ವೆತ್ ಅವರ ನಿಜವಾದ ಸಾಧನೆ ಕೊಳವೆಗಿಂತ ಇದರ ಆಯ್ಕೆಯಲ್ಲಿದೆ ಎಂದು ನನ್ನ ಎಣಿಕೆ. ಪುಡಿ ಬಣ್ಣವನ್ನು ಹಿಡಿಯಬೇಕು, ಆದರೆ ಬಿಡಲೂ ಬೇಕು. ಅದರೊಡನೆ ರಾಸಾಯನಿಕವಾಗಿ ಕಾದಾಡಬಾರದು. ಅವರು ನೂರಕ್ಕೂ ಹೆಚ್ಚು ಪುಡಿಗಳನ್ನು ಪರೀಕ್ಷಿಸಿ, ಸೌಮ್ಯ ಸ್ವಭಾವದ ಕ್ಯಾಲ್ಸಿಯಂ ಕಾರ್ಬೊನೇಟ್, ಇನ್ಯುಲಿನ್, ಸಕ್ಕರೆಪುಡಿಗಳಂಥವನ್ನು ಮೆಚ್ಚಿದರು.

ಈ ಸೂಕ್ಷ್ಮವನ್ನು ಸಮಕಾಲೀನರು ಗಮನಿಸಲಿಲ್ಲ. ಜರ್ಮನಿಯ ಮಹಾರಸಾಯನಜ್ಞ ರಿಚರ್ಡ್ ವಿಲ್‌ಸ್ಟೇಟರ್ ಮತ್ತು ಅವರ ಸಹೋದ್ಯೋಗಿ ಹೆಚ್ಚು ಉಗ್ರವಾದ ಪುಡಿಯನ್ನು ಬಳಸಿದರು. ಪತ್ರಹರಿತ್ತು ಕೆಟ್ಟಿತು, ಅಪನಂಬಿಕೆ ಮಾತ್ರ ವಿಧಾನಕ್ಕೆ ಅಂಟಿತು. ತ್ಸ್ವೆತ್ 1910ರಲ್ಲಿ ಪ್ರಕಟಿಸಿದ ವಿಸ್ತಾರವಾದ ಗ್ರಂಥ ರಷ್ಯನ್‌ನಲ್ಲಿದ್ದುದರಿಂದ ಪಶ್ಚಿಮದಲ್ಲಿ ಅದನ್ನು ಓದಬಲ್ಲವರೂ ವಿರಳ. ಪತ್ರಹರಿತ್ತಿನ ಸಂಶೋಧನೆಗೆ 1915ರ ನೊಬೆಲ್ ವಿಲ್‌ಸ್ಟೇಟರ್ ಅವರಿಗೆ ಸಂದಿತು.

ಅದೇ ವರ್ಷ ಯುದ್ಧ ವಾರ್ಸಾವನ್ನು ಮುಟ್ಟಿತು. ಮಾಸ್ಕೊ, ನಿಜ್ನಿ ನವ್‌ಗೊರೊದ್, ಯೂರ್ಯೆವ್, ಕೊನೆಗೆ ವರೊನೆಜ್ ಎಂದು ಅಲೆದ ತ್ಸ್ವೆತ್ 1919ರ ಜೂನ್‌ನಲ್ಲಿ, 47ನೆಯ ವಯಸ್ಸಿನಲ್ಲಿ ನಿಧನರಾದರು.

ಹನ್ನೆರಡು ವರ್ಷಗಳ ಬಳಿಕ ಹೈಡೆಲ್‌ಬರ್ಗ್‌ನಲ್ಲಿ ರಿಚರ್ಡ್ ಕೂನ್ ಅವರ ಪ್ರಯೋಗಾಲಯದಲ್ಲಿ ಎಡ್ಗರ್ ಲೆಡರರ್ ಈ ವಿಧಾನವನ್ನು ಮತ್ತೆ ಕೈಗೆತ್ತಿಕೊಂಡರು. ಅವರು ಓದಿದ್ದು ತ್ಸ್ವೆತ್ ಗ್ರಂಥದ ಜರ್ಮನ್ ಅನುವಾದವೊಂದನ್ನು. ಅದು ವಿಲ್‌ಸ್ಟೇಟರ್ ತಮಗಾಗಿ ಮಾಡಿಸಿಕೊಂಡಿದ್ದ ಪ್ರತಿ. ಮೊಟ್ಟೆಯ ಹಳದಿಯಲ್ಲಿನ ಲುಟೀನ್ ಮತ್ತು ಝಿಯಾಕ್ಸಾಂತಿನ್‌ಗಳು ಬೇರೆಯಾದದ್ದು ಹಳೆಯ ಕ್ಯಾಲ್ಸಿಯಂ ಕಾರ್ಬೊನೇಟಿನ ಮೇಲೆಯೇ. ಮುಂದೆ 1941ರಲ್ಲಿ ಮಾರ್ಟಿನ್ ಮತ್ತು ಸಿಂಜ್ ಸಿಲಿಕಾ ಕಣಗಳಲ್ಲಿ ನೀರನ್ನು ಹಿಡಿದಿಟ್ಟು, ದ್ರವವನ್ನೇ ಸ್ಥಿರ ಪ್ರಾವಸ್ಥೆಯಾಗಿಸಿದರು. ಇಂದು ಔಷಧ ಪರೀಕ್ಷಿಸುವ ಪ್ರಯೋಗಾಲಯಗಳ ಉಕ್ಕಿನ ಕೊಳವೆಗಳಲ್ಲಿ, ಹದಿನೆಂಟು ಇಂಗಾಲಗಳ ಸರಪಳಿಯನ್ನು ಮೈಮೇಲೆ ಬೆಸೆದುಕೊಂಡ ಸಿಲಿಕಾ ತುಂಬಿರುವುದು ಸಾಮಾನ್ಯ.