ವಚನಪಿತಾಮಹ ಹಳಕಟ್ಟಿಯವರೂ ಷಟ್‌ಸ್ಥಲಮಾರ್ಗವೂ

ವಿಜಯಪುರವನ್ನು ತಮ್ಮ ಕಾಯಕಭೂಮಿಯನ್ನಾಗಿ ಮಾಡಿಕೊಂಡು, ಮಠಮನೆಗಳ ಗಂಟುಗಳಲ್ಲಿ ಹುಳುಹಿಡಿಯುತ್ತಲಿದ್ದ ಶರಣರ ವಚನಗಳನ್ನು ಬೆಳಕಿಗೆ ತಂದ ಶ್ರೀ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ನೆಯ ಇಸ್ವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ಮುಂಬಯಿಯಲ್ಲಿ ನ್ಯಾಯಶಾಸ್ತ್ರವನ್ನೋದಿ, ಬೆಳಗಾವಿಯಲ್ಲಿ ಕೆಲಕಾಲವಿದ್ದು, ತರುವಾಯ ವಿಜಯಪುರದಲ್ಲಿ ವಕೀಲಿಯನ್ನು ಕೈಕೊಂಡರು. 1910ರಲ್ಲಿ ಸ್ಥಾಪಿತವಾದ ಇಲ್ಲಿಯ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಗೂ, 1912ರ ಶ್ರೀ ಸಿದ್ಧೇಶ್ವರ ಬ್ಯಾಂಕಿಗೂ ಅವರು ಮೂಲಪುರುಷರು. ಆದರೆ ಭಕ್ತಜನರು ಅವರನ್ನು ನೆನೆಯುವದು ಬೇರೆಯ ಕಾರಣಕ್ಕಾಗಿ.

ಆ ಕಾಲದಲ್ಲಿ ತಾಡೋಲೆಯ ಕಟ್ಟುಗಳಿಗೆ ವಿಭೂತಿ ಧರಿಸಿ ಪೂಜಿಸುವವರು ಬಹಳ. ಬಿಚ್ಚಿ ಓದುವವರು ವಿರಳ. ಈಗ ಬೇರೆ ತಾಲೂಕುಗಳಾಗಿರುವ ತಿಕೋಟಾ, ಬಬಲೇಶ್ವರಗಳು ಆಗ ವಿಜಯಪುರ ತಾಲೂಕಿಗೇ ಸೇರಿದ್ದವು. ಇಂಥ ಬೆಳವಲ ಸೀಮೆಯ ಒಕ್ಕಲುಮಗನು ನಿತ್ಯವೂ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಅರ್ಚಿಸುತ್ತಿದ್ದರೂ, ಆ ಅರ್ಚನೆಯು ತನ್ನನ್ನು ಎಲ್ಲಿಗೆ ಒಯ್ಯುವದೆಂಬ ಶಾಸ್ತ್ರವು ಅವನ ಕೈಗೆ ಎಟಕುವಂತಿರಲಿಲ್ಲ.

ಆ ಶಾಸ್ತ್ರವೇ ಷಟ್‌ಸ್ಥಲ. ಭಕ್ತ, ಮಾಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬವು ಆರು ಸ್ಥಲಗಳು. ಶ್ರದ್ಧೆಯಿಂದ ತೊಡಗಿದ ಭಕ್ತಿಯು ನಿಷ್ಠೆಯಾಗಿ ಬಲಿಯುವದು. ಅವಧಾನದಲ್ಲಿ ಉಂಡುಟ್ಟುದೆಲ್ಲವೂ ಪ್ರಸಾದವಾಗುವದು. ಹೊರಗಣ ಲಿಂಗವು ಪ್ರಾಣದಲ್ಲಿ ಅನುಭಾವವಾಗಿ, ಆನಂದವಾಗಿ, ಕಡೆಗೆ ಸಮರಸದಲ್ಲಿ ಅಂಗಲಿಂಗವೆಂಬ ಎರಡು ಇಲ್ಲವಾಗುವದು. ಇವು ಒಂದನ್ನು ಬಿಟ್ಟು ಇನ್ನೊಂದನ್ನು ಏರುವ ಮೆಟ್ಟಿಲುಗಳೆಂದು ತಿಳಿಯುವದು ಅರ್ಧಜ್ಞಾನ. ಒಂದೊಂದು ಸ್ಥಲದಲ್ಲಿಯೂ ಉಳಿದೈದು ಅಡಕವಾಗಿರುವವು. ಐಕ್ಯನಿಗೂ ಭಕ್ತನ ಆಚಾರವು ತಪ್ಪದು. ಈ ಮಾರ್ಗವನ್ನು ವ್ಯವಸ್ಥೆಗೊಳಿಸಿದ ಕೀರ್ತಿಯು ಚನ್ನಬಸವಣ್ಣನವರದು. ಮುಂದೆ ವಿಜಯನಗರದ ಕಾಲದಲ್ಲಿ ಅದು ನೂರೊಂದು ಸ್ಥಲಗಳಾಗಿ ವಿಸ್ತಾರಗೊಂಡು, ಪಂಡಿತರಿಗೆ ಸುಗಮವೂ ಪಾಮರರಿಗೆ ದುರ್ಗಮವೂ ಆಯಿತೆಂದರೆ ತಪ್ಪಾಗಲಾರದು.

ಹಳಕಟ್ಟಿಯವರು ಊರೂರು ತಿರುಗಿ ಓಲೆಗಳನ್ನು ಕೂಡಿಸಿದರು; ಕೊಡಲೊಲ್ಲದವರನ್ನು ಒಲಿಸಿದರು. ಅನೇಕ ಶರಣರ ವಚನಗಳನ್ನು ವಿಷಯಾನುಸಾರವಾಗಿ ವಿಂಗಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಪ್ರಕಟಿಸಿದರು. ಗ್ರಂಥದ ಹೆಸರಿನಲ್ಲಿಯೇ ಅವರ ಅಭಿಪ್ರಾಯವಿದೆ: ವಚನಗಳು ಬಿಡಿಮಾತುಗಳಲ್ಲ, ಸಾಧಕನನ್ನು ಸ್ಥಲದಿಂದ ಸ್ಥಲಕ್ಕೆ ನಡೆಸುವ ಶಾಸ್ತ್ರ. ಒಂದೇ ವಚನವು ಎರಡು ವಿಷಯಗಳಿಗೆ ಸಲ್ಲಬಹುದಾದ್ದರಿಂದ ಈ ವಿಂಗಡಣೆಯು ನಿರ್ವಿವಾದವಾದುದಲ್ಲ. ಪಾಠಾಂತರಗಳನ್ನು ಪರಿಶೋಧಿಸಿ ಪಂಡಿತರು ಸಿದ್ಧಪಡಿಸಿದ ಸಮಗ್ರ ವಚನಗಳನ್ನು ಕರ್ನಾಟಕ ಸರಕಾರವು 1993ರಲ್ಲಿ 15 ಸಂಪುಟಗಳಲ್ಲಿ ಹೊರತಂದುದೂ ನಿಜ. ಆದರೂ ಕನ್ನಡವೊಂದನ್ನೇ ಬಲ್ಲ ಗೃಹಸ್ಥನು ತನ್ನ ಮನೆಯಲ್ಲಿ ಕುಳಿತು ತನ್ನ ಸಾಧನೆಯ ನೆಲೆಯನ್ನು ಒರೆಹಚ್ಚಿ ನೋಡಿಕೊಳ್ಳುವಂತಾದುದು ಅವರಿಂದ.

ಪರರ ಮುದ್ರಣಾಲಯಗಳನ್ನು ನೆಚ್ಚಿ ಈ ಕೆಲಸ ಸಾಗದೆಂದು ಕಂಡು, ಸ್ವಂತ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ವಿಜಯಪುರದಲ್ಲಿ ತೆರೆದರು. ಮರುವರ್ಷ ಶಿವಾನುಭವ ಪತ್ರಿಕೆಯನ್ನಾರಂಭಿಸಿದರು. ಅದೇ ವರ್ಷ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪೀಠವೂ ಅವರಿಗೆ ಸಂದಿತು. ವಕೀಲಿಯ ಗಳಿಕೆಯೆಲ್ಲವೂ ಕಾಗದಕ್ಕೆ, ಮಸಿಗೆ, ಅಚ್ಚಿನ ಮೊಳೆಗಳಿಗೆ ಹೋಯಿತು. ಇವರು ಇಂಥ ಸ್ಥಲದವರೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಆದರೆ ದುಡಿದುದನ್ನು ಮೊದಲು ಅರ್ಪಿಸಿ ಉಳಿದುದನ್ನು ಮಾತ್ರ ಕೈಕೊಳ್ಳುವ ಪ್ರಸಾದಿಯ ನಡೆಯನ್ನು ಮನೆಯವರೂ ಅವರೊಡನೆ ನಡೆಯಬೇಕಾಯಿತೆಂಬುದನ್ನು ಮರೆಯಲಾಗದು. ಸ್ವಂತ ಮನೆಯಿಲ್ಲದ ಸಂಸಾರದ ಕಷ್ಟವು ಅವರೊಬ್ಬರದೇ ಆಗಿರಲಿಲ್ಲ.

ಕರ್ನಾಟಕ ವಿಶ್ವವಿದ್ಯಾಲಯವು 1956ರಲ್ಲಿ ಅವರಿಗೆ ಡಾಕ್ಟರೇಟ್ ಪದವಿಯನ್ನಿತ್ತು ಗೌರವಿಸಿತು. ಮುಪ್ಪಿನಲ್ಲಿಯೂ ಶಿವಾನುಭವದ ಬರವಣಿಗೆಯನ್ನು ಬಿಡದೆ, 1964ನೆಯ ಇಸ್ವಿ ಜೂನ್ 29ರಂದು ಲಿಂಗೈಕ್ಯರಾದರು.