ಕುರ್ಟ್ ಟ್ಯಾಂಕ್ ಮತ್ತು ನಮ್ಮ 'ಮಾರುತ'

ಬನ್ನಂಜೆಯಲ್ಲಿ ಬೆಳೆದ ನಮಗೆ ಮಾರುತಿ ಎಂದರೆ ಮುಖ್ಯಪ್ರಾಣ, ಬಲ ಎಂದರೂ ಅವನೇ. ಒಂಬತ್ತನೇ ತರಗತಿಯ ಪ್ರವಾಸದಲ್ಲಿ ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲಿದ್ದ ಯುದ್ಧವಿಮಾನದ ಹೆಸರು 'ಮಾರುತ' ಎಂದು ಮಾಸ್ಟ್ರು ಹೇಳಿದಾಗ ಎಲ್ಲರೂ ಹೋ ಎಂದು ಕೂಗಿದೆವು. ಸೂಜಿಯಂಥ ಮೂತಿ, ಹಿಂದಕ್ಕೆ ಬಾಗಿದ ರೆಕ್ಕೆ. ಮನೆಗೆ ಬಂದ ಮೇಲೆ ನನ್ನ ನೋಟ್ ಪುಸ್ತಕದ ಕೊನೆಯ ಪುಟಗಳಲ್ಲೆಲ್ಲ ಅದೇ ಚಿತ್ರ.

ಅದರ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಎಂದು ತಿಳಿದದ್ದು ಬಿ.ಇ. ಓದುವಾಗ. 1898ರಲ್ಲಿ ಹುಟ್ಟಿದ ಈ ಜರ್ಮನ್ ಮೊದಲ ಮಹಾಯುದ್ಧದಲ್ಲಿ ಅಶ್ವದಳದಲ್ಲಿದ್ದವರು. ಮುಂದೆ ವಿಮಾನ ಕಟ್ಟುವಾಗಲೂ ಕುದುರೆಯನ್ನು ಮರೆಯಲಿಲ್ಲ. ಪಂದ್ಯದ ಕುದುರೆ ನೋಡಲು ಚೆಂದ, ಆದರೆ ಯುದ್ಧಕ್ಕೆ ಬೇಕಾದದ್ದು ಪೆಟ್ಟು ತಾಳುವ ದಂಡಿನ ಕುದುರೆ ಎಂಬುದು ಅವರ ನಿಲುವು. 1939ರಲ್ಲಿ ಮೊದಲು ಹಾರಿದ ಅವರ ಫೋಕೆ-ವುಲ್ಫ್ 190ರ ಚಕ್ರಗಳು ಒರಟು ನೆಲಕ್ಕೂ ಜಗ್ಗದಂತೆ ಅಗಲವಾಗಿ ನಿಲ್ಲುತ್ತಿದ್ದವು. ಎಂಜಿನ್ ತಣಿಯುವುದು ಗಾಳಿಯಿಂದಲೇ. ಗುಂಡು ತಗುಲಿ ಸೋರಲು ನೀರಿನ ಕೊಳವೆಯೇ ಇಲ್ಲ. ಈ ಜಾಣ್ಮೆಯೆಲ್ಲ ಹಿಟ್ಲರನ ಸೈನ್ಯಕ್ಕೆ ಸಂದಿತು ಎಂಬುದನ್ನು ಮುಚ್ಚಿಟ್ಟು ಅವರ ಕಥೆ ಹೇಳುವಂತಿಲ್ಲ.

ಯುದ್ಧ ಮುಗಿದ ಮೇಲೆ ಅರ್ಜೆಂಟೀನಾ, ಅಲ್ಲಿಂದ 1956ರಲ್ಲಿ ಬೆಂಗಳೂರಿನ ಎಚ್‌ಎಎಲ್. ನಮ್ಮ ಎಂಜಿನಿಯರುಗಳ ಜೊತೆ ಸೇರಿ ಮೊದಲು ಮರದಲ್ಲಿ ಪೂರ್ಣ ಗಾತ್ರದ ಗ್ಲೈಡರ್ ಕಟ್ಟಿ ಹಾರಿಸಿ ನೋಡಿದರು. 1961ರ ಜೂನ್‌ನಲ್ಲಿ ಮಾರುತ ಹಾರಿತು. ರೂಪವೇನೋ ಶಬ್ದದ ವೇಗವನ್ನು ಮೀರುವಂಥದ್ದು. ಆದರೆ ಅದಕ್ಕೆಂದು ಎಣಿಸಿದ್ದ ಬಲವಾದ ಎಂಜಿನ್ ಸಿಗಲೇ ಇಲ್ಲ. ಕಡಿಮೆ ಶಕ್ತಿಯ ಎರಡು ಆರ್ಫಿಯಸ್ ಎಂಜಿನ್‌ಗಳಲ್ಲೇ ಸಾಗಬೇಕಾಯಿತು. ಟ್ಯಾಂಕ್ 1967ರಲ್ಲಿ ಭಾರತ ಬಿಟ್ಟರು.

ಇದನ್ನು ಓದಿದಾಗ ನಕ್ಕಿದ್ದೆ. ಕೆಲಸಕ್ಕೆ ಸೇರಿದ ಮೇಲೆ ನನಗೂ ಅದೇ ಪಾಡು. ಮಿಂಚುವಂಥ ಪರದೆ ರೂಪಿಸಿ ಎಲ್ಲರಿಂದ ಭೇಷ್ ಅನ್ನಿಸಿಕೊಂಡೆ. ಹಿಂದಿನ ಸರ್ವರ್ ಎಷ್ಟು ಹೊರೆ ತಾಳುತ್ತದೆಂದು ಅಳೆದಿರಲಿಲ್ಲ. ಮೊದಲ ದಿನವೇ ಎಲ್ಲ ಕುಸಿದು, ಮೂರು ರಾತ್ರಿ ನಿದ್ದೆಯಿಲ್ಲ. ಆಮೇಲೆ ಟ್ಯಾಂಕ್ ಬಗ್ಗೆ ಮತ್ತೆ ಓದಿದೆ, ಈ ಸಲ ನಗದೆ.

ಆಗ ಕಣ್ಣಿಗೆ ಬಿದ್ದದ್ದು 1971ರ ಯುದ್ಧ. ರಾಜಸ್ಥಾನದ ಗಡಿಯಲ್ಲಿ ಮಾರುತಗಳು ನೆಲಮಟ್ಟದ ದಾಳಿ ನಡೆಸಿದವು. ಒಂದು ಎಂಜಿನ್ ಕೆಟ್ಟರೂ ಇನ್ನೊಂದರಲ್ಲೇ ಪೈಲಟ್‌ನನ್ನು ಮರಳಿ ತಂದ ಪ್ರಸಂಗಗಳುಂಟು. ವೇಗದಲ್ಲಿ ಸೋತ ವಿಮಾನದೊಳಗೆ ದಂಡಿನ ಕುದುರೆ ಉಳಿದಿತ್ತು. ಟ್ಯಾಂಕ್ 1983ರಲ್ಲಿ ತೀರಿಕೊಂಡರು. ವಾಯುಪಡೆ ಮಾರುತವನ್ನು 1990ರವರೆಗೆ ಇಟ್ಟುಕೊಂಡಿತು.

ಕಳೆದ ವರ್ಷ ಮಗಳನ್ನು ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಅವಳು ಮೂತಿಯ ಎದುರು ನಿಂತು ಫೋಟೋ ತೆಗೆಯಲು ಹೇಳಿದಳು. ತೆಗೆದ ಮೇಲೆ ಅವಳನ್ನು ಹಿಂಬದಿಗೆ ಕರೆದೊಯ್ದು, ಅಕ್ಕಪಕ್ಕದಲ್ಲಿರುವ ಆ ಎರಡು ಕೊಳವೆಗಳನ್ನು ತೋರಿಸಿದೆ.