ಎದೆಬಡಿತಕ್ಕೆ ಲಿಪಿ ಕೊಟ್ಟ ಐಂಥೋವೆನ್

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ ಇವು ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳ ಮುಖ್ಯ ಊರುಗಳು. ಇವುಗಳ ಸುತ್ತಮುತ್ತಲಿನ ಯಾವುದೋ ಹಳ್ಳಿಯಲ್ಲಿ ಶೇಂಗಾ ಹೊಲದಲ್ಲಿ ದುಡಿಯುತ್ತಿದ್ದ ರೈತನಿಗೆ ಇದ್ದಕ್ಕಿದ್ದಂತೆ ಎದೆನೋವು ಕಾಣಿಸಿಕೊಂಡರೆ ಮನೆಯವರು ಅವನನ್ನು ಆಸ್ಪತ್ರೆಗೆ ಕರೆತರುತ್ತಾರೆ. ಅಲ್ಲಿ ಅವನ ಕೈಕಾಲುಗಳಿಗೂ ಎದೆಗೂ ತಂತಿಗಳನ್ನು ಜೋಡಿಸಲಾಗುತ್ತದೆ. ಕ್ಷಣಮಾತ್ರದಲ್ಲಿ ಸಣ್ಣ ಚೌಕುಳಿಗಳ ಕಾಗದವೊಂದು ಯಂತ್ರದಿಂದ ಹೊರಬರುತ್ತದೆ. ಅದರ ಮೇಲಿನ ಏರಿಳಿತದ ಗೆರೆಯನ್ನು ನೋಡಿ ವೈದ್ಯರು ಹೃದಯದ ಸ್ಥಿತಿಯನ್ನು ಅರಿಯುತ್ತಾರೆ. ಜನರು ಇ.ಸಿ.ಜಿ. ಎಂದು ಕರೆಯುವ ಈ ಹೃದಯ ವಿದ್ಯುಲ್ಲೇಖನವನ್ನು ವೈದ್ಯಲೋಕಕ್ಕೆ ನಂಬಲರ್ಹವಾದ ಸಾಧನವನ್ನಾಗಿ ಮಾಡಿಕೊಟ್ಟವರು ಹಾಲೆಂಡಿನ ವಿಲ್ಲೆಮ್ ಐಂಥೋವೆನ್.

ಐಂಥೋವೆನ್ ಅವರು 1860ರ ಮೇ 21ರಂದು ಜಾವಾ ದ್ವೀಪದ ಸೆಮಾರಂಗ್ ಎಂಬ ಪಟ್ಟಣದಲ್ಲಿ ಜನಿಸಿದರು. ಆ ದ್ವೀಪವು ಆಗ ಡಚ್ಚರ ಆಳ್ವಿಕೆಗೆ ಸೇರಿತ್ತು. ಅವರ ತಂದೆ ಅಲ್ಲಿ ವೈದ್ಯರಾಗಿದ್ದರು. ವಿಲ್ಲೆಮ್ ಇನ್ನೂ ಬಾಲಕನಾಗಿದ್ದಾಗಲೇ ತಂದೆ ತೀರಿಕೊಂಡರು. ತಾಯಿ ಧೈರ್ಯಗೆಡದೆ 1870ರಲ್ಲಿ ಮಕ್ಕಳೊಡನೆ ಹಾಲೆಂಡಿಗೆ ಮರಳಿ ಯೂಟ್ರೆಕ್ಟ್ ನಗರದಲ್ಲಿ ನೆಲೆಸಿದರು. ವಿಲ್ಲೆಮ್ ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಿದರು. ಆಟವಾಡುವಾಗ ಒಮ್ಮೆ ಅವರ ಮಣಿಕಟ್ಟು ಮುರಿಯಿತು. ಕೈ ವಾಸಿಯಾಗಲು ಹಿಡಿದ ಸಮಯವನ್ನೂ ಅವರು ವ್ಯರ್ಥಗೊಳಿಸಲಿಲ್ಲ. ಮುಂಗೈಯ ಚಲನೆಯನ್ನೇ ಕುರಿತು ಅಧ್ಯಯನ ನಡೆಸಿದರು. 1885ರಲ್ಲಿ ಪದವಿ ಪಡೆದ ಅವರಿಗೆ, ಇನ್ನೂ ಇಪ್ಪತ್ತೈದರ ಹರೆಯದಲ್ಲಿಯೇ ಲೈಡನ್ ವಿಶ್ವವಿದ್ಯಾನಿಲಯದ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕ ಪದವಿ ದೊರೆಯಿತು. ಜೀವನದ ಕೊನೆಯವರೆಗೂ ಅವರು ಅಲ್ಲಿಯೇ ಉಳಿದರು.

ಹೃದಯವು ಪ್ರತಿ ಸಲ ಬಡಿಯುವಾಗಲೂ ಅದರಲ್ಲಿ ಅತ್ಯಲ್ಪ ಪ್ರಮಾಣದ ವಿದ್ಯುತ್ತು ಹುಟ್ಟುತ್ತದೆ. ಮೈಯ ಮೇಲೆ ಅಳೆದರೆ ಅದು ಒಂದು ವೋಲ್ಟಿನ ಸಾವಿರದ ಒಂದು ಭಾಗದಷ್ಟಿರುತ್ತದೆ. ಲಂಡನ್ನಿನ ಆಗಸ್ಟಸ್ ವಾಲರ್ ಎಂಬ ವಿಜ್ಞಾನಿ 1887ರಲ್ಲಿ ಮನುಷ್ಯನ ಹೃದಯದ ವಿದ್ಯುತ್ತನ್ನು ಮೈಯ ಹೊರಗಿನಿಂದಲೇ ದಾಖಲು ಮಾಡಿದ್ದರು. ಇದಕ್ಕೆ ಅವರು ಬಳಸಿದ್ದು ಕೂದಲಿನಂತೆ ಸೂಕ್ಷ್ಮವಾದ ಗಾಜಿನ ನಳಿಗೆಯಲ್ಲಿ ಪಾದರಸವನ್ನು ತುಂಬಿದ ಒಂದು ಮಾಪಕವನ್ನು. 1889ರಲ್ಲಿ ಬಾಸೆಲ್ ನಗರದಲ್ಲಿ ನಡೆದ ವಿಜ್ಞಾನಿಗಳ ಸಮ್ಮೇಳನದಲ್ಲಿ ವಾಲರ್ ಈ ಪ್ರಯೋಗವನ್ನು ತೋರಿಸಿದಾಗ ಐಂಥೋವೆನ್ ಸಭೆಯಲ್ಲಿದ್ದರು. ಆ ಪ್ರಯೋಗವು ಅವರ ಬಾಳಿನ ದಾರಿಯನ್ನೇ ನಿರ್ಧರಿಸಿತು.

ವಾಲರ್ ಬಳಸಿದ ಮಾಪಕದಲ್ಲಿ ಒಂದು ದೋಷವಿತ್ತು. ಪಾದರಸವು ಭಾರವಾದ ದ್ರವ. ಹೃದಯದ ವೇಗಕ್ಕೆ ಸರಿಯಾಗಿ ಅದು ಏರಿಳಿಯುತ್ತಿರಲಿಲ್ಲ. ಆದ್ದರಿಂದ ಮೂಡಿದ ಗೆರೆಯು ನಿಜವಾದ ಗೆರೆಯಾಗಿರುತ್ತಿರಲಿಲ್ಲ. ಐಂಥೋವೆನ್ ಮೊದಲು ಗಣಿತದ ನೆರವಿನಿಂದ ಈ ತಪ್ಪನ್ನು ತಿದ್ದಿ ಹೃದಯದ ನಿಜವಾದ ಅಲೆಗಳ ರೂಪವನ್ನು ಕಂಡುಕೊಂಡರು. 1895ರಲ್ಲಿ ಆ ಅಲೆಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂಬ ಹೆಸರುಗಳನ್ನಿಟ್ಟರು. ಇಂದಿಗೂ ಜಗತ್ತಿನ ವೈದ್ಯರೆಲ್ಲರೂ ಅವೇ ಹೆಸರುಗಳನ್ನು ಬಳಸುತ್ತಾರೆ. ಆದರೆ ಪ್ರತಿಯೊಬ್ಬ ರೋಗಿಗೂ ಇಷ್ಟೊಂದು ಲೆಕ್ಕ ಮಾಡುತ್ತ ಕುಳಿತರೆ ಅದರಿಂದ ಯಾರಿಗೆ ಪ್ರಯೋಜನ? ಲೆಕ್ಕವಿಲ್ಲದೆಯೇ ಸತ್ಯವನ್ನು ತೋರಿಸುವ ಸಾಧನ ಬೇಕೆಂಬುದು ಅವರಿಗೆ ಮನದಟ್ಟಾಯಿತು.

ಹಲವು ವರ್ಷಗಳ ಅವಿರತ ಪರಿಶ್ರಮದ ಫಲವಾಗಿ ಅಂತಹ ಸಾಧನ ಸಿದ್ಧವಾಯಿತು. 1901ರಲ್ಲಿ ಅದರ ಮೊದಲ ವಿವರವನ್ನು ಅವರು ಪ್ರಕಟಿಸಿದರು. ಅದೇ ತಂತು ವಿದ್ಯುನ್ಮಾಪಕ. ಸ್ಫಟಿಕಶಿಲೆಯನ್ನು ಕರಗಿಸಿ, ಅದರ ಒಂದು ತುದಿಯನ್ನು ಬಾಣಕ್ಕೆ ಅಂಟಿಸಿ, ಬಾಣವನ್ನು ಬಿಟ್ಟಾಗ ಅತ್ಯಂತ ತೆಳುವಾದ ಎಳೆಯೊಂದು ದೊರೆಯುತ್ತಿತ್ತು. ಕೂದಲಿಗಿಂತಲೂ ಎಷ್ಟೋ ಪಟ್ಟು ತೆಳುವಾದ ಆ ಎಳೆಗೆ ಬೆಳ್ಳಿಯ ಲೇಪ ಕೊಟ್ಟು ಬಲವಾದ ವಿದ್ಯುದಯಸ್ಕಾಂತದ ಎರಡು ಧ್ರುವಗಳ ನಡುವೆ ಬಿಗಿದರು. ಹೃದಯದ ವಿದ್ಯುತ್ತು ಎಳೆಯ ಮೂಲಕ ಹರಿದಾಗ ಅದು ಅತ್ತಿತ್ತ ಕಂಪಿಸುತ್ತಿತ್ತು. ಅದರ ನೆರಳನ್ನು ಸೂಕ್ಷ್ಮದರ್ಶಕದಿಂದ ಹಿಗ್ಗಿಸಿ, ಚಲಿಸುವ ಛಾಯಾಚಿತ್ರದ ಫಲಕದ ಮೇಲೆ ಬೀಳಿಸಿದರು. ಎದೆಬಡಿತವು ತನ್ನ ಚರಿತ್ರೆಯನ್ನು ತಾನೇ ಬರೆಯತೊಡಗಿತು. ಸೆಕೆಂಡಿಗೆ 25 ಮಿಲಿಮೀಟರ್ ವೇಗ, ಒಂದು ಮಿಲಿವೋಲ್ಟಿಗೆ 10 ಮಿಲಿಮೀಟರ್ ಎತ್ತರ ಎಂದು ಅವರು ಅಳವಡಿಸಿದ ಅಳತೆಗಳೇ ಇಂದಿಗೂ ರೂಢಿಯಲ್ಲಿವೆ. ಒಬ್ಬರ ಗೆರೆಯನ್ನು ಇನ್ನೊಬ್ಬರ ಗೆರೆಯೊಡನೆ, ಒಂದು ದೇಶದ ದಾಖಲೆಯನ್ನು ಮತ್ತೊಂದು ದೇಶದ ದಾಖಲೆಯೊಡನೆ ಹೋಲಿಸಲು ಇದರಿಂದ ಸಾಧ್ಯವಾಯಿತು.

ಆದರೆ ಈ ಯಂತ್ರವನ್ನು ಬಳಸುವುದು ಸುಲಭವಾಗಿರಲಿಲ್ಲ. ಅದರ ತೂಕ ಸುಮಾರು 270 ಕಿಲೋಗ್ರಾಂ. ಅದನ್ನು ನಡೆಸಲು ಐದು ಜನರು ಬೇಕಾಗಿತ್ತು. ಅಯಸ್ಕಾಂತಗಳು ಕಾಯದಂತೆ ಸದಾ ನೀರನ್ನು ಹರಿಸಬೇಕಾಗಿತ್ತು. ರೋಗಿಯು ಎರಡು ಕೈಗಳನ್ನೂ ಒಂದು ಕಾಲನ್ನೂ ಉಪ್ಪುನೀರಿನ ಪಾತ್ರೆಗಳಲ್ಲಿ ಇಟ್ಟುಕೊಂಡು ಕೂರಬೇಕಾಗಿತ್ತು. ಯಂತ್ರವಿದ್ದುದು ಪ್ರಯೋಗಶಾಲೆಯಲ್ಲಿ, ರೋಗಿಗಳಿದ್ದುದು ಸುಮಾರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿ. ಯಂತ್ರವನ್ನು ಸಾಗಿಸುವಂತಿರಲಿಲ್ಲ, ಹೃದ್ರೋಗಿಗಳನ್ನು ಕರೆತರುವುದೂ ಅಪಾಯಕರವಾಗಿತ್ತು. ಇಂತಹ ಇಕ್ಕಟ್ಟಿನಲ್ಲಿಯೂ ಐಂಥೋವೆನ್ ಎದೆಗುಂದಲಿಲ್ಲ. ಆಸ್ಪತ್ರೆಯಿಂದ ಪ್ರಯೋಗಶಾಲೆಗೆ ದೂರವಾಣಿಯ ತಂತಿಯನ್ನು ಜೋಡಿಸಿ, 1905ರ ಮಾರ್ಚ್ ತಿಂಗಳಲ್ಲಿ ಹೃದಯದ ಸಂದೇಶವನ್ನೇ ತಮ್ಮ ಬಳಿಗೆ ತರಿಸಿಕೊಂಡರು. ದೂರದಲ್ಲಿರುವ ರೋಗಿಯ ಹೃದಯವನ್ನು ತಜ್ಞರು ತಮ್ಮ ಸ್ಥಳದಿಂದಲೇ ಪರೀಕ್ಷಿಸುವ ಪದ್ಧತಿಗೆ ಅಂದು ನಾಂದಿಯಾಯಿತು.

ಒಂದು ಸಾಧನವು ಪ್ರಯೋಗಶಾಲೆಯಲ್ಲಿ ಯಶಸ್ವಿಯಾದರೆ ಸಾಲದು, ಅದನ್ನು ಹಲವರು ಕೊಂಡು ಬಳಸುವಂತೆ ತಯಾರಿಸಬೇಕು. ಇದಕ್ಕಾಗಿ ಐಂಥೋವೆನ್ ಮೊದಲು ಮ್ಯೂನಿಕ್ ನಗರದ ಎಡೆಲ್ಮನ್ ಅವರ ಕಾರ್ಯಾಗಾರದೊಡನೆ ಒಪ್ಪಂದ ಮಾಡಿಕೊಂಡರು. ಕೆಲವು ಯಂತ್ರಗಳು ಮಾರಾಟವಾದ ಬಳಿಕ ಗೌರವಧನದ ವಿಷಯದಲ್ಲಿ ಭಿನ್ನಾಭಿಪ್ರಾಯ ತಲೆದೋರಿ ಆ ಸಂಬಂಧ ಮುರಿದುಬಿತ್ತು. ಆಗ ಅವರು ಇಂಗ್ಲೆಂಡಿನ ಕೇಂಬ್ರಿಜ್ ವೈಜ್ಞಾನಿಕ ಉಪಕರಣಗಳ ಸಂಸ್ಥೆಯ ನೆರವನ್ನು ಪಡೆದರು. ಸಂಸ್ಥೆಯ ತಂತ್ರಜ್ಞರು ಯಂತ್ರದ ಗಾತ್ರವನ್ನು ತಗ್ಗಿಸಿ ಮೇಜಿನ ಮೇಲೆ ಇರಿಸಬಹುದಾದ ರೂಪವನ್ನು ಕೊಟ್ಟರು. ಲಂಡನ್ನಿನ ವೈದ್ಯ ಥಾಮಸ್ ಲೂಯಿಸ್ ಅದನ್ನು ರೋಗಿಗಳ ಮೇಲೆ ಬಳಸಿ, ಲಯ ತಪ್ಪಿದ ಹೃದಯಗಳ ಲಕ್ಷಣಗಳನ್ನು ವಿವರಿಸಿದರು. ಹೀಗೆ ಒಬ್ಬರ ಕಲ್ಪನೆ, ಇನ್ನೊಬ್ಬರ ಕೈಚಳಕ, ಮತ್ತೊಬ್ಬರ ವೈದ್ಯಾನುಭವ ಒಂದುಗೂಡಿ ಯಂತ್ರವು ಆಸ್ಪತ್ರೆಯನ್ನು ಸೇರಿತು.

1924ನೆಯ ವರ್ಷದ ವೈದ್ಯವಿಜ್ಞಾನದ ನೊಬೆಲ್ ಪಾರಿತೋಷಕವು ಐಂಥೋವೆನ್ ಅವರಿಗೆ ಲಭಿಸಿತು. ತಮ್ಮ ನೊಬೆಲ್ ಉಪನ್ಯಾಸದಲ್ಲಿ ಅವರು ಲೂಯಿಸ್ ಅವರ ಕೊಡುಗೆಯನ್ನು ಮನಸಾರೆ ಸ್ಮರಿಸಿದರು. ಇನ್ನೊಬ್ಬ ವ್ಯಕ್ತಿಯನ್ನೂ ಅವರು ಮರೆತಿರಲಿಲ್ಲ. ಯಂತ್ರವನ್ನು ಕಟ್ಟುವಾಗ ವಾನ್ ಡೆರ್ ವುರ್ಡ್ಟ್ ಎಂಬ ಸಹಾಯಕನು ವರ್ಷಗಟ್ಟಲೆ ಅವರೊಡನೆ ದುಡಿದಿದ್ದನು. ಲೋಕವು ಅವನ ಹೆಸರನ್ನು ಅರಿಯದು. ಐಂಥೋವೆನ್ ಅವನನ್ನು ಹುಡುಕಿಸಿದಾಗ ಅವನು ಆಗಲೇ ತೀರಿಕೊಂಡಿದ್ದನೆಂಬುದೂ ಅವನ ಇಬ್ಬರು ಸೋದರಿಯರು ಬಡತನದಲ್ಲಿ ದಿನ ನೂಕುತ್ತಿದ್ದಾರೆಂಬುದೂ ತಿಳಿದುಬಂದಿತು. ಪಾರಿತೋಷಕದ ಹಣ ಸುಮಾರು 40,000 ಡಾಲರುಗಳು. ಅದರಲ್ಲಿ ಅರ್ಧವನ್ನು ಅವರು ಆ ಸೋದರಿಯರಿಗೆ ಕೊಟ್ಟರು. ಹಾಗೆ ಕೊಡಬೇಕೆಂದು ಯಾವ ಕಾನೂನೂ ಅವರನ್ನು ಬಲವಂತಪಡಿಸಿರಲಿಲ್ಲ. ಕೀರ್ತಿ ಒಬ್ಬನ ಹೆಸರಿಗೆ ಬಂದರೂ ದುಡಿಮೆ ಒಬ್ಬನದಲ್ಲ ಎಂಬ ನ್ಯಾಯಬುದ್ಧಿಯೇ ಅದಕ್ಕೆ ಕಾರಣ.

1927ರ ಸೆಪ್ಟೆಂಬರ್ 29ರಂದು ಲೈಡನ್ ನಗರದಲ್ಲಿ ಐಂಥೋವೆನ್ ನಿಧನ ಹೊಂದಿದರು. ಆದರೆ ಅವರು ಹಿಡಿದ ಕಾರ್ಯ ನಿಲ್ಲಲಿಲ್ಲ. ಯಂತ್ರವು ವರ್ಷದಿಂದ ವರ್ಷಕ್ಕೆ ಹಗುರವಾಗುತ್ತ ಬಂದಿತು. ಎಂಟು ದಶಕಗಳ ಬಳಿಕ, ಬೆಂಗಳೂರಿನಲ್ಲಿದ್ದ ಜಿ.ಇ. ಸಂಸ್ಥೆಯ ತಂತ್ರಜ್ಞರು ಭಾರತದ ಹಳ್ಳಿಗಳನ್ನು ಗಮನದಲ್ಲಿಟ್ಟುಕೊಂಡು ಮ್ಯಾಕ್ 400 ಎಂಬ ಇ.ಸಿ.ಜಿ. ಯಂತ್ರವನ್ನು ರೂಪಿಸಿದರು. ಅದು ಬೆನ್ನಿನ ಚೀಲದಲ್ಲಿ ಹೊರಬಹುದಾದಷ್ಟು ಚಿಕ್ಕದು. ವಿದ್ಯುತ್ತು ಇಲ್ಲದ ಕಡೆಯಲ್ಲಿ ಬ್ಯಾಟರಿಯಿಂದ ನಡೆಯುವಂತಹುದು. ಬೆಲೆಯನ್ನು ತಗ್ಗಿಸಲು ಬಸ್ಸಿನ ಟಿಕೆಟು ಮುದ್ರಿಸುವ ಯಂತ್ರಗಳಲ್ಲಿರುವಂತಹ ಸಣ್ಣ ಮುದ್ರಕವನ್ನೇ ಅದಕ್ಕೆ ಅಳವಡಿಸಿದರು. 2023ರಲ್ಲಿ ಕರ್ನಾಟಕ ಸರ್ಕಾರವು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ಬೇಗನೆ ಪರಿಶೀಲಿಸಿ ಸಲಹೆ ನೀಡುವಂತೆ ಮಾಡುವುದು ಅದರ ಉದ್ದೇಶ. ಲೈಡನ್ನಿನ ಒಂದೂವರೆ ಕಿಲೋಮೀಟರ್ ತಂತಿ ಇಂದು ಎಷ್ಟು ದೂರ ಚಾಚಿದೆ ಎಂಬುದಕ್ಕೆ ಇದೊಂದು ನಿದರ್ಶನ.

ಐಂಥೋವೆನ್ ಅವರ ಬದುಕು ಎರಡು ಪಾಠಗಳನ್ನು ಕಲಿಸುತ್ತದೆ. ರೋಗಿಗೆ ನೆರವಾಗುವ ಸಾಧನವನ್ನು ಕಟ್ಟಲು ಪ್ರತಿಭೆಯೊಂದೇ ಸಾಲದು; ನಿಖರವಾದ ಅಳತೆ, ತಾಳ್ಮೆ, ಹಲವು ಕೈಗಳ ಸಹಕಾರ ಎಲ್ಲವೂ ಬೇಕು. ಆ ಕೈಗಳಲ್ಲಿ ಹೆಸರಿಲ್ಲದ ಕೈಗಳ ಋಣವನ್ನು ತೀರಿಸುವುದು, ಹೆಸರು ಪಡೆದವನ ಕರ್ತವ್ಯ.